ಮೀನಿನ ವೈರಸ್ ಹಿಡಿಯುವ ಪ್ರತಿಕಾಯ: ಪ್ರಯೋಗಾಲಯದಿಂದ ಪಂಜರದವರೆಗೆ

ಅಂಧೇರಿಯಲ್ಲಿ ನಮ್ಮ ಊರಿನವರು ಭಾನುವಾರ ಸೇರಿದರೆ ಮಾತು ಮಕ್ಕಳ ಮದುವೆ, ದೈವದ ಕೋಲ, ಕೊಂಕಣ ರೈಲಿನ ಟಿಕೆಟ್ ಇವುಗಳನ್ನು ದಾಟುವುದು ಅಪರೂಪ. ಈ ಬಾರಿ ದಾಟಿತು. ಕುಂದಾಪುರದ ಕಡೆ ಹೊಳೆಯಲ್ಲಿ ಪಂಜರ ಇಳಿಸಿ ಸೀಬಾಸ್ ಸಾಕುತ್ತಿರುವ ನನ್ನ ಭಾವ ಒಂದು ವಿಡಿಯೊ ಕಳುಹಿಸಿದ್ದರು. ಬೆರಳುದ್ದದ ಮರಿಗಳು ಬುಗುರಿಯಂತೆ ಸುತ್ತುತ್ತಿದ್ದವು. ಕೆಲವು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮುಂಬಯಿಯಲ್ಲಿ ದುಡಿದ ಹಣವನ್ನು ಊರಿನ ಪಂಜರಗಳಿಗೆ ಹಾಕಿದವರು ಆ ಕೋಣೆಯಲ್ಲಿ ಇನ್ನೂ ಇಬ್ಬರಿದ್ದರು. ಫೋನು ಕೈಯಿಂದ ಕೈಗೆ ದಾಟಿತು. ಕೆಲವು ದಿನಗಳ ನಂತರ ಪ್ರಯೋಗಾಲಯದ ವರದಿ ಬಂದಿತು: ನರಕೋಶಗಳನ್ನು ಕೊಲ್ಲುವ ಒಂದು ವೈರಸ್.

ಅಂದು ಬಂದ ಪ್ರಶ್ನೆಗಳಲ್ಲಿ ಒಂದು ನನ್ನನ್ನು ಬಿಡಲಿಲ್ಲ. ಭಾವುಚಾ ಧಕ್ಕಾದಲ್ಲಿ ಬಹಳ ವರ್ಷ ಮೀನಿನ ವ್ಯಾಪಾರ ಮಾಡಿದ ಹಿರಿಯರೊಬ್ಬರು ಕೇಳಿದರು: "ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಹದಿನೈದು ನಿಮಿಷದಲ್ಲಿ ಹೇಳಿದರಲ್ಲ ಮಾರಾಯ, ಮೀನಿಗೆ ಅಂಥದ್ದು ಇಲ್ಲವೇ?" ಅಂಥ ಕಡ್ಡಿಯ ಜೀವಾಳವೇ ಪ್ರತಿಕಾಯ (ಆ್ಯಂಟಿಬಾಡಿ), ಅಂದರೆ ರೋಗಾಣುವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನು. ಸಮುದ್ರ ಮೀನಿನ ವೈರಸ್‌ಗೆ ಪ್ರತಿಕಾಯ ತಯಾರಿಸುವುದು ಹೇಗೆ, ಅದು ಯಾವುದನ್ನು ಹೇಳಬಲ್ಲದು, ಯಾವುದನ್ನು ಹೇಳಲಾರದು ಎಂಬುದನ್ನು ಬುಡದಿಂದಲೇ ನೋಡೋಣ.

ತಟ್ಟೆಯ ಮೀನಿಗೆ ಭಯ ಬೇಡ

ಈ ಲೇಖನದಲ್ಲಿ ಹೇಳುವ ವೈರಸ್‌ನ ಗುಂಪಿನ ಹೆಸರು ಬೀಟಾನೋಡಾವೈರಸ್. ಅದು ಮೀನುಗಳ ವೈರಸ್. ಮನುಷ್ಯರಲ್ಲಿ ರೋಗ ತಂದ ದಾಖಲೆ ಇಲ್ಲ. ಹಾಗಾಗಿ ಮಾರುಕಟ್ಟೆಯ ತಾಜಾ ಮೀನನ್ನು ಈ ಕಾರಣಕ್ಕೆ ಬಿಡಬೇಕಾಗಿಲ್ಲ. ಸತ್ತು ತೇಲಿದ ಮೀನನ್ನು ತಿನ್ನಬಾರದು ಎಂಬ ಮಾತು ಬೇರೆ. ಅದು ಕೊಳೆಯುವಿಕೆಯ ಕಾರಣಕ್ಕೆ, ಈ ವೈರಸ್‌ನ ಕಾರಣಕ್ಕಲ್ಲ.

ಮಿದುಳು ಮತ್ತು ಕಣ್ಣಿನ ರೋಗ

ಗೋವಾದವರು ಚೊಣಕ್ ಎಂದೂ ರಾಯಗಡ, ಮುಂಬಯಿಯ ಕಡೆಯವರು ಜಿತಾಡಾ ಎಂದೂ ಅಕ್ಕರೆಯಿಂದ ಕರೆಯುವ ಮೀನೇ ಸೀಬಾಸ್. ಅಳಿವೆಯ ಉಪ್ಪು–ಸಿಹಿ ನೀರಿಗೆ ಹೊಂದಿಕೊಳ್ಳುತ್ತದೆ, ಬೇಗ ಬೆಳೆಯುತ್ತದೆ, ಒಳ್ಳೆಯ ಬೆಲೆ ತರುತ್ತದೆ. ಪಂಜರ ಕೃಷಿಗೆ ಇದಕ್ಕಿಂತ ಒಪ್ಪುವ ಮೀನು ನಮ್ಮ ಕರಾವಳಿಯಲ್ಲಿ ಕಡಿಮೆ. ಆದರೆ ಇದರ ಮರಿಗಳಿಗೆ ದೊಡ್ಡ ಶತ್ರು ಈ ವೈರಸ್. 1980ರ ದಶಕದ ಕೊನೆಯಿಂದ ಆಸ್ಟ್ರೇಲಿಯಾದ ಸೀಬಾಸ್ ಮರಿಗಳಲ್ಲಿ, ಜಪಾನಿನ ಸಾಕಣೆ ಮೀನುಗಳಲ್ಲಿ ಇದರ ವರ್ಣನೆಗಳು ಬರತೊಡಗಿದವು. ಇಂದು ನೂರಕ್ಕೂ ಹೆಚ್ಚು ಜಾತಿಯ ಮೀನುಗಳಲ್ಲಿ ಇದು ಕಂಡುಬಂದಿದೆ. ಭಾರತದ ಸೀಬಾಸ್ ಮರಿಗಳಲ್ಲೂ 2000ದ ದಶಕದಲ್ಲೇ ಪತ್ತೆಯಾಗಿದೆ. ಗೋವಾದ ಗೊಬ್ರೊ, ನಮ್ಮ ಕಡೆಯ ಮುರು ಮೀನು ಸೇರುವ ಗ್ರೂಪರ್ ಕುಲವೂ ಇದಕ್ಕೆ ಸುಲಭವಾಗಿ ತುತ್ತಾಗುತ್ತದೆ.

ವೈರಸ್ ಮೀನಿನ ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ಅಕ್ಷಿಪಟಲದ ಜೀವಕೋಶಗಳಲ್ಲಿ ಬೆಳೆಯುತ್ತದೆ. ಸತ್ತ ಮರಿಯ ಮಿದುಳನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀರುದೋಸೆಯ ತೂತುಗಳಂತೆ ಖಾಲಿ ಗುಳಿಗಳು ಕಾಣುತ್ತವೆ. ಸಮತೋಲನ ಕಾಯುವ ನರಗಳೇ ಹಾಳಾದ ಮೇಲೆ ಮೀನು ನೇರವಾಗಿ ಈಜುವುದಾದರೂ ಹೇಗೆ? ಆ ಸುತ್ತುವಿಕೆ ಅಲ್ಲಿಂದ ಬರುತ್ತದೆ. ಮೊಟ್ಟೆಯೊಡೆದು ಬಂದ ಮೊದಲ ಕೆಲವು ವಾರಗಳಲ್ಲಿ ರೋಗ ತಗುಲಿದರೆ ಇಡೀ ತೊಟ್ಟಿಯ ಮರಿಗಳು ಸಾಯಬಹುದು.

ಕಣ ಬಹಳ ಚಿಕ್ಕದು. ಅಡ್ಡಳತೆ 25ರಿಂದ 30 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಉದ್ದಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಇಡಬಹುದು. ಒಳಗೆ ಆರ್‌ಎನ್‌ಎಯ ಎರಡು ತುಂಡುಗಳು (ವೈರಸ್‌ನ ಜೀನುಗಳು ಇರುವುದು ಇವುಗಳಲ್ಲೇ), ಹೊರಗೆ ಪ್ರೋಟೀನಿನ ಕವಚ. ಕವಚವನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಅದರ ಸುತ್ತಲೇ ಇದೆ. ಒಂದೇ ಬಗೆಯ ಪ್ರೋಟೀನಿನ 180 ಪ್ರತಿಗಳು ಹೆಂಚು ಹೊದಿಸಿದಂತೆ ಜೋಡಿಕೊಂಡು ಅದು ರೂಪುಗೊಂಡಿದೆ. ಕೊರೊನಾ ವೈರಸ್‌ಗೆ ಇರುವಂಥ ಕೊಬ್ಬಿನ ಪೊರೆ ಇದಕ್ಕಿಲ್ಲ. ಸೋಪು ಕೊರೊನಾ ವೈರಸ್ಸನ್ನು ಹಾಳುಮಾಡುತ್ತಿದ್ದುದು ಆ ಪೊರೆಯನ್ನು ಕರಗಿಸಿಯೇ. ಪೊರೆಯೇ ಇಲ್ಲದ ಈ ವೈರಸ್ ಸಮುದ್ರದ ನೀರಿನಲ್ಲಿ ಬಹಳ ದಿನ ಉಳಿಯಬಲ್ಲದು.

ರೋಗ ಬಂದ ಮೇಲೆ ಕೊಡುವ ಔಷಧ ಇಲ್ಲ. ಆ್ಯಂಟಿಬಯೋಟಿಕ್‌ಗಳು ಬ್ಯಾಕ್ಟೀರಿಯಾಗಳಿಗೆ, ವೈರಸ್‌ಗೆ ಅವುಗಳಿಂದ ಏನೂ ಆಗದು. ಗಾಬರಿಯಲ್ಲಿ ಅವುಗಳನ್ನು ನೀರಿಗೆ ಸುರಿಯುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಹಣವೂ ಹೋಗುತ್ತದೆ, ಹೊಳೆಯೂ ಕೆಡುತ್ತದೆ.

ತಾಯಿಮೀನನ್ನು ಕೊಂದು ನೋಡಲಾಗದು

ಔಷಧ ಇಲ್ಲದಿದ್ದರೆ ಉಳಿಯುವುದು ಮುಂಚಿತವಾಗಿ ತಿಳಿಯುವ ದಾರಿ. ತಿಳಿಯಬೇಕಾದ ಜಾಗ ಪಂಜರವಲ್ಲ. ಮರಿ ಹುಟ್ಟುವ ಹ್ಯಾಚರಿ. ಈ ವೈರಸ್ ನೀರಿನ ಮೂಲಕ ಹರಡುವುದರ ಜೊತೆಗೆ ತಾಯಿಮೀನಿನಿಂದ ಮೊಟ್ಟೆಯ ಮೂಲಕವೂ ಮರಿಗೆ ದಾಟುತ್ತದೆ. ದೊಡ್ಡ ಮೀನು ಎಷ್ಟೋ ಬಾರಿ ಯಾವ ಲಕ್ಷಣವನ್ನೂ ತೋರಿಸದೆ ವೈರಸ್ಸನ್ನು ಮಿದುಳಿನಲ್ಲಿ ಇಟ್ಟುಕೊಂಡೇ ಬದುಕುತ್ತದೆ. ನೋಡಲು ಆರೋಗ್ಯವಂತ ತಾಯಿ, ಆದರೆ ಅವಳ ಮೊಟ್ಟೆಗಳ ಜೊತೆ ರೋಗವೂ ಹೊರಬರಬಹುದು.

ಹಾಗಾದರೆ ತಾಯಿಮೀನಿನ ಮಿದುಳನ್ನೇ ಪರೀಕ್ಷಿಸಬಾರದೇ? ಪರೀಕ್ಷಿಸಬಹುದು, ಆದರೆ ಮೀನು ಸಾಯಬೇಕು. ಇಲ್ಲಿ ಸೀಬಾಸ್‌ನ ಒಂದು ವಿಚಿತ್ರ ಸ್ವಭಾವ ಅಡ್ಡ ಬರುತ್ತದೆ. ಈ ಮೀನು ಸಾಮಾನ್ಯವಾಗಿ ಮೊದಲು ಗಂಡಾಗಿ ಬೆಳೆಯುತ್ತದೆ. ಕೆಲವು ವರ್ಷ ಕಳೆದು, ಹಲವು ಕಿಲೋ ತೂಗಿದ ಮೇಲೆ ಹೆಣ್ಣಾಗಿ ಬದಲಾಗುತ್ತದೆ. (ಗ್ರೂಪರ್ ಇದಕ್ಕೆ ಪೂರ್ತಿ ತಿರುವುಮುರುವು: ಮೊದಲು ಹೆಣ್ಣು, ಆಮೇಲೆ ಗಂಡು.) ಅಂದರೆ ಒಂದು ಹೆಣ್ಣು ಸೀಬಾಸ್ ಎಂದರೆ ವರ್ಷಗಟ್ಟಲೆ ಸಾಕಿದ ಆಸ್ತಿ. ಒಮ್ಮೆಗೆ ಲಕ್ಷಗಟ್ಟಲೆ ಮೊಟ್ಟೆ ಇಡುವ ಅಂಥ ಮೀನನ್ನು ಪರೀಕ್ಷೆಗಾಗಿ ಕೊಲ್ಲಲು ಯಾವ ಹ್ಯಾಚರಿಯೂ ಮನಸ್ಸು ಮಾಡದು. ಬಾಲದ ಬುಡದಿಂದ ಒಂದಿಷ್ಟು ರಕ್ತ ತೆಗೆದು ನೋಡಿ, ಮೀನನ್ನು ಮತ್ತೆ ನೀರಿಗೆ ಬಿಡುವಂಥ ಪರೀಕ್ಷೆ ಅವರಿಗೆ ಬೇಕು. ಪ್ರತಿಕಾಯದ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿ ಇಲ್ಲಿ ಕಾಣುತ್ತದೆ.

ಡಬ್ಬಾವಾಲಾ ಓದುವ ಗುರುತು

ಮುಂಬಯಿಯ ಡಬ್ಬಾವಾಲಾ ಊಟದ ಡಬ್ಬಿಯನ್ನು ತೆರೆದು ನೋಡುವುದಿಲ್ಲ. ಒಳಗೆ ಚಪಾತಿಯೋ ಸಾರು–ಅನ್ನವೋ ಅವರಿಗೆ ಬೇಕಾಗಿಲ್ಲ. ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಸಣ್ಣ ಗುರುತನ್ನು ಓದಿ ಡಬ್ಬಿಯನ್ನು ಎತ್ತಿಕೊಳ್ಳುತ್ತಾರೆ. ಪ್ರತಿಕಾಯದ ಕೆಲಸವೂ ಹೀಗೆಯೇ. ಅದು ರಕ್ತದಲ್ಲಿರುವ ಒಂದು ಪ್ರೋಟೀನು. ಕನ್ನಡದ ‘ವೈ’ ಅಲ್ಲ, ಇಂಗ್ಲಿಷಿನ ‘ವೈ’ ಅಕ್ಷರದ ಆಕಾರದ್ದು. ಅದರ ಎರಡು ತೋಳುಗಳ ತುದಿಗಳು ಇಡೀ ವೈರಸ್ಸನ್ನು ಅರಿಯುವುದಿಲ್ಲ. ವೈರಸ್‌ನ ಮೈಮೇಲಿನ ಒಂದು ಚಿಕ್ಕ ಗುರುತನ್ನು, ಕವಚದ ಪ್ರೋಟೀನಿನ ಕೆಲವೇ ಅಮೈನೋ ಆಮ್ಲಗಳಷ್ಟು ಜಾಗವನ್ನು, ಗುರುತಿಸಿ ಅಲ್ಲಿಗೆ ಅಂಟಿಕೊಳ್ಳುತ್ತವೆ. ಪ್ರತಿಕಾಯವನ್ನು ಹುಟ್ಟಿಸಬಲ್ಲ ಹೊರಗಿನ ವಸ್ತುವಿಗೆ ಪ್ರತಿಜನಕ ಎಂದು ಹೆಸರು. ನಮ್ಮ ಕಥೆಯಲ್ಲಿ ಕವಚದ ಪ್ರೋಟೀನೇ ಪ್ರತಿಜನಕ.

ಇಷ್ಟು ಗೊತ್ತಾದರೆ ಎರಡು ಪಾರಿಭಾಷಿಕ ಪದಗಳು ಸುಲಭವಾಗುತ್ತವೆ. ಒಂದು ಮೊಲಕ್ಕೆ ಈ ಪ್ರೋಟೀನನ್ನು ಚುಚ್ಚಿದರೆ ಅದರ ದೇಹ ಹಲವಾರು ಬಗೆಯ ಪ್ರತಿಕಾಯಗಳನ್ನು ಒಟ್ಟಿಗೆ ತಯಾರಿಸುತ್ತದೆ. ಒಂದೊಂದೂ ಬೇರೆ ಬೇರೆ ಗುರುತು ಓದುತ್ತದೆ. ಈ ಮಿಶ್ರಣಕ್ಕೆ ಪಾಲಿಕ್ಲೋನಲ್ ಪ್ರತಿಕಾಯ ಎನ್ನುತ್ತಾರೆ. ಹಲವು ಡಬ್ಬಾವಾಲಾಗಳು ಒಂದೇ ಡಬ್ಬಿಯ ಹಿಂದೆ ಬಿದ್ದ ಹಾಗೆ. ಹಿಡಿತ ಬಲವಾಗಿರುತ್ತದೆ, ಆದರೆ ಅವರಲ್ಲಿ ಯಾರೋ ಒಬ್ಬರು ಬೇರೆ ಡಬ್ಬಿಗಳ ಮೇಲೂ ಇರುವ ಗುರುತನ್ನು ಓದುತ್ತಿದ್ದರೆ ತಪ್ಪು ಡಬ್ಬಿಯೂ ಬರುತ್ತದೆ. ಮೊಲ ಸತ್ತರೆ ಆ ಮಿಶ್ರಣವೂ ಮುಗಿಯಿತು. ಇನ್ನೊಂದು ಮೊಲ ಅದನ್ನೇ ಮತ್ತೆ ಕೊಡದು. ಇದಕ್ಕೆ ಬದಲಾಗಿ ಒಂದೇ ಗುರುತು ಓದುವ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು, ಬೇಕಾದಾಗಲೆಲ್ಲ ಪಡೆದರೆ ಅದು ಮಾನೋಕ್ಲೋನಲ್ ಪ್ರತಿಕಾಯ.

ತಯಾರಿಸುವ ಬಗೆ

ಮೊದಲು ಪ್ರತಿಜನಕ ಬೇಕು. ರೋಗ ಬಂದ ಮರಿಗಳ ಮಿದುಳನ್ನು ಅರೆದು, ಬ್ಯಾಕ್ಟೀರಿಯಾ ದಾಟದಷ್ಟು ಸಣ್ಣ ರಂಧ್ರಗಳ ಸೋಸುಕದಲ್ಲಿ ಸೋಸಿ, ಗಾಜಿನ ಪಾತ್ರೆಯಲ್ಲಿ ಬೆಳೆಯುವ ಮೀನಿನ ಜೀವಕೋಶಗಳ ಮೇಲೆ ಹಾಕುತ್ತಾರೆ. ಈ ವೈರಸ್ ಬೆಳೆಸಲು ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವುದು ಮುರ್ರೆಲ್ ಜಾತಿಯ ಸಿಹಿನೀರಿನ ಮೀನಿನಿಂದ ಬಂದ ಕೋಶಗಳು. ಸಮುದ್ರ ಮೀನಿನ ವೈರಸ್‌ಗೆ ಕೆರೆ ಮೀನಿನ ಕೋಶ ಒದಗಿಬಂದದ್ದು ನನಗೆ ಇಂದಿಗೂ ಅಚ್ಚರಿಯ ಸಂಗತಿ. ತಮಿಳುನಾಡಿನ ಮೇಲ್ವಿಶಾರಂನ ಕಾಲೇಜೊಂದರ ಸಂಶೋಧಕರು ಸೀಬಾಸ್ ಮೀನಿನ ಗುಲ್ಮದಿಂದಲೇ (ಸ್ಪ್ಲೀನ್ ಎಂಬ ಅಂಗ) ಕೋಶಸಾಲನ್ನು, ಅಂದರೆ ಪಾತ್ರೆಯಲ್ಲಿ ಬೆಳೆಯುತ್ತಲೇ ಇರುವ ಕೋಶಗಳ ಸಂತತಿಯನ್ನು, ಬೆಳೆಸಿದ್ದಾರೆ.

ಇನ್ನೊಂದು ದಾರಿಯಲ್ಲಿ ವೈರಸ್ಸೇ ಬೇಡ. ಕವಚದ ಪ್ರೋಟೀನಿನ ಜೀನನ್ನು ಮಾತ್ರ ಇ. ಕೋಲೈ ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ ಅದು ಆ ಪ್ರೋಟೀನನ್ನು ತಯಾರಿಸಿಕೊಡುತ್ತದೆ. ಇದು ಅಗ್ಗ, ಸುರಕ್ಷಿತ. ಒಂದು ತೊಡಕು ಮಾತ್ರ ಇದೆ. ಪ್ರೋಟೀನ್ ಎಂಬುದು ಮಡಿಚಿದ ದಾರದ ಹಾಗೆ. ಬ್ಯಾಕ್ಟೀರಿಯಾದಲ್ಲಿ ತಯಾರಾದದ್ದು ವೈರಸ್‌ನ ಮೈಮೇಲೆ ಇರುವ ರೀತಿಯಲ್ಲೇ ಮಡಿಚಿಕೊಂಡಿರಬೇಕೆಂದಿಲ್ಲ. ಸೀರೆಯನ್ನು ಅಂಗಡಿಯಲ್ಲಿ ಮಡಿಚಿಟ್ಟಾಗ ಕಾಣುವ ಜರಿಯೇ ಬೇರೆ, ಉಟ್ಟಾಗ ಕಾಣುವ ಜರಿಯೇ ಬೇರೆ. ಹೀಗಾಗಿ ಅಂಥ ಪ್ರೋಟೀನಿಗೆ ಚೆನ್ನಾಗಿ ಅಂಟುವ ಪ್ರತಿಕಾಯ ನಿಜವಾದ ವೈರಸ್‌ಗೆ ಅಂಟದೇ ಹೋಗಬಹುದು. ಕೊನೆಯ ಪರೀಕ್ಷೆ ಯಾವಾಗಲೂ ನಿಜವಾದ ವೈರಸ್ ಮೇಲೆಯೇ ಆಗಬೇಕು.

ಆಮೇಲೆ ಇಲಿಗಳ ಸರದಿ. ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಕೆಲವು ವಾರಗಳ ಅವಧಿಯಲ್ಲಿ ಹಲವು ಬಾರಿ ಇಲಿಗೆ ಪ್ರೋಟೀನನ್ನು ಚುಚ್ಚುತ್ತಾರೆ. ಇಲಿಯ ಗುಲ್ಮದಲ್ಲಿ ಬಿ ಕೋಶಗಳೆಂಬ ರಕ್ಷಣಾ ಕೋಶಗಳು ತುಂಬಿಕೊಳ್ಳುತ್ತವೆ. ಒಂದು ಬಿ ಕೋಶ ಒಂದೇ ಬಗೆಯ ಪ್ರತಿಕಾಯವನ್ನು ತಯಾರಿಸುತ್ತದೆ. ನಮಗೆ ಬೇಕಾದದ್ದು ಇದೇ. ಆದರೆ ದೇಹದಿಂದ ಹೊರತೆಗೆದರೆ ಈ ಕೋಶ ಕೆಲವೇ ದಿನಗಳಲ್ಲಿ ಸಾಯುತ್ತದೆ.

ಈ ತೊಡಕನ್ನು ಬಿಡಿಸಿದವರು ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್. 1975ರಲ್ಲಿ ಕೇಂಬ್ರಿಜ್‌ನಲ್ಲಿ ಅವರು ಮಾಡಿದ್ದು ನಮ್ಮ ತೋಟದವರಿಗೆ ಚೆನ್ನಾಗಿ ಗೊತ್ತಿರುವ ಕೆಲಸ: ಕಸಿ. ರತ್ನಾಗಿರಿಯ ಮಾವಿನ ಗಿಡದಲ್ಲಿ ಬೇರು ಗಟ್ಟಿಯಾದ ಕಾಡು ಗೊರಟೆಯದು, ಮೇಲಿನ ಟೊಂಗೆ ಆಪುಸಿನದು. ಗಟ್ಟಿತನ ಒಂದರಿಂದ, ರುಚಿ ಇನ್ನೊಂದರಿಂದ. ಅವರು ಪ್ರತಿಕಾಯ ತಯಾರಿಸುವ ಬಿ ಕೋಶವನ್ನು ಎಂದೂ ವಿಭಜನೆ ನಿಲ್ಲಿಸದ ಮೈಲೋಮಾ ಎಂಬ ಕ್ಯಾನ್ಸರ್ ಕೋಶದೊಂದಿಗೆ ಬೆಸೆದರು. ಹುಟ್ಟಿದ ಹೊಸ ಕೋಶ ಹೈಬ್ರಿಡೋಮಾ. ಪ್ರತಿಕಾಯವನ್ನೂ ಕೊಡುತ್ತದೆ, ಸಾಯದೆ ಬೆಳೆಯುತ್ತಲೂ ಇರುತ್ತದೆ. 1984ರಲ್ಲಿ ನೀಲ್ಸ್ ಯೆರ್ನೆ ಅವರ ಜೊತೆ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂದಿತು.

ಬೆಸೆಯುವಾಗ ಎಲ್ಲ ಕೋಶಗಳೂ ಸರಿಯಾಗಿ ಜೋಡಿಯಾಗುವುದಿಲ್ಲ. ಜೋಡಿಯಾಗದ ಕ್ಯಾನ್ಸರ್ ಕೋಶಗಳು ಉಳಿದರೆ ಅವೇ ಪಾತ್ರೆಯನ್ನೆಲ್ಲ ತುಂಬಿಬಿಡುತ್ತವೆ. ಅವುಗಳನ್ನು ತೊಲಗಿಸುವ ಉಪಾಯ ಬಹಳ ಸೊಗಸಾಗಿದೆ. ಭಾನುವಾರ ಮುಂಬಯಿಯ ಲೋಕಲ್ ರೈಲಿಗೆ ಮೆಗಾ ಬ್ಲಾಕ್ ಬಿದ್ದಾಗ ಒಳದಾರಿ ಗೊತ್ತಿದ್ದವರು ಮಾತ್ರ ಊರು ಸೇರುತ್ತಾರಲ್ಲವೇ? ಕೋಶಗಳು ಡಿಎನ್‌ಎ ಕಟ್ಟಿಕೊಳ್ಳಲು ಒಂದು ಮುಖ್ಯ ದಾರಿ, ಒಂದು ಒಳದಾರಿ ಇವೆ. ಅಮಿನಾಪ್ಟೆರಿನ್ ಎಂಬ ರಾಸಾಯನಿಕವನ್ನು ಹಾಕಿ ಮುಖ್ಯ ದಾರಿಯನ್ನು ಮುಚ್ಚುತ್ತಾರೆ. ಬಳಸುವ ಕ್ಯಾನ್ಸರ್ ಕೋಶಗಳಲ್ಲಿ ಒಳದಾರಿಗೆ ಬೇಕಾದ ಕಿಣ್ವ ಇರದಂತೆ ಮೊದಲೇ ಆರಿಸಿಕೊಂಡಿರುತ್ತಾರೆ, ಅವು ಸಾಯುತ್ತವೆ. ಬಿ ಕೋಶಗಳಿಗೆ ಕಿಣ್ವ ಇದೆ, ಆಯಸ್ಸಿಲ್ಲ, ಅವೂ ಸಾಯುತ್ತವೆ. ಕಿಣ್ವವನ್ನು ಒಬ್ಬರಿಂದ, ಆಯಸ್ಸನ್ನು ಇನ್ನೊಬ್ಬರಿಂದ ಪಡೆದ ಕಸಿ ಕೋಶ ಮಾತ್ರ ಬದುಕುತ್ತದೆ.

ಬದುಕಿದವುಗಳಲ್ಲಿ ನಮಗೆ ಬೇಕಾದ ಗುರುತನ್ನು ಓದುವ ಕೋಶ ಯಾವುದು ಎಂದು ಹುಡುಕುವುದೇ ಹೆಚ್ಚು ದಣಿಸುವ ಕೆಲಸ. 96 ಕುಳಿಗಳ ಪ್ಲಾಸ್ಟಿಕ್ ತಟ್ಟೆಗಳನ್ನು ಒಂದರ ಮೇಲೊಂದು ಪರೀಕ್ಷಿಸಬೇಕು. ಸಿಕ್ಕಿದ್ದನ್ನು ತೆಳುಗೊಳಿಸುತ್ತ ಹೋಗಿ, ಒಂದು ಕುಳಿಗೆ ಒಂದೇ ಕೋಶ ಬೀಳುವಂತೆ ಮಾಡಿ, ಅದರ ಸಂತಾನವನ್ನು ಬೆಳೆಸಬೇಕು. ಆ ಸಂತಾನವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಟ್ಟರೆ ವರ್ಷಗಳ ನಂತರವೂ ಎಬ್ಬಿಸಿ ಅದೇ ಪ್ರತಿಕಾಯವನ್ನು ಪಡೆಯಬಹುದು. ಮುಂದೆ ಇಲಿ ಬೇಡ, ಕೋಶವೇ ಸಾಕು.

ಪ್ರತಿಕಾಯಕ್ಕೆ ಪ್ರತಿಕಾಯ

ಇಲ್ಲಿಯವರೆಗೆ ಹೇಳಿದ್ದು ವೈರಸ್ಸನ್ನು ನೇರವಾಗಿ ಹಿಡಿಯುವ ಪ್ರತಿಕಾಯದ ಮಾತು. ತಾಯಿಮೀನಿನ ರಕ್ತ ಪರೀಕ್ಷೆಗೆ ಬೇಕಾದದ್ದು ಇನ್ನೊಂದು, ಓದುಗರು ಹೆಚ್ಚಾಗಿ ಗೊಂದಲಕ್ಕೆ ಬೀಳುವುದೂ ಇಲ್ಲಿಯೇ. ವೈರಸ್ ಮಿದುಳಿನಲ್ಲಿ ಅಡಗಿದ್ದರೂ, ಒಮ್ಮೆ ಸೋಂಕು ತಗುಲಿದ ಮೀನಿನ ರಕ್ತದಲ್ಲಿ ಅದರ ವಿರುದ್ಧ ಮೀನೇ ತಯಾರಿಸಿಕೊಂಡ ಪ್ರತಿಕಾಯಗಳು ಇರುತ್ತವೆ. ಕಳ್ಳ ಮನೆಯೊಳಗೆ ಕಾಣದಿದ್ದರೂ ಅಂಗಳದಲ್ಲಿ ಹೆಜ್ಜೆ ಗುರುತು ಇದ್ದಂತೆ. ಆ ಹೆಜ್ಜೆ ಗುರುತನ್ನು ಹುಡುಕುವುದೇ ರಕ್ತ ಪರೀಕ್ಷೆ.

ಮೀನಿನ ಪ್ರತಿಕಾಯವನ್ನು ಕಣ್ಣಿಗೆ ಕಾಣುವಂತೆ ಮಾಡಲು ಅದಕ್ಕೇ ಅಂಟುವ ಇನ್ನೊಂದು ಪ್ರತಿಕಾಯ ಬೇಕು. ಮನುಷ್ಯ, ಮೊಲ, ಇಲಿಗಳ ಪ್ರತಿಕಾಯಕ್ಕೆ ಅಂಟುವಂಥವು ಪೇಟೆಯಲ್ಲಿ ಸಿದ್ಧವಾಗಿ ಸಿಗುತ್ತವೆ. ಆದರೆ ಇಲಿಗೆ ಹೊಂದುವುದು ಸೀಬಾಸ್‌ಗೆ ಹೊಂದುವುದಿಲ್ಲ. ಮೀನಿನ ರಕ್ತದ ಮುಖ್ಯ ಪ್ರತಿಕಾಯ ಐಜಿಎಂ. ನಮ್ಮ ದೇಹದ ಐಜಿಎಂ ಐದು ‘ವೈ’ಗಳ ಗೊಂಚಲಾದರೆ ಮೂಳೆಮೀನುಗಳದ್ದು ನಾಲ್ಕರ ಗೊಂಚಲು. ಜಾತಿಯಿಂದ ಜಾತಿಗೂ ಅದು ಬದಲಾಗುತ್ತದೆ. ಆದ್ದರಿಂದ ಸೀಬಾಸ್‌ನ ಐಜಿಎಂ ಅನ್ನು ಶುದ್ಧಗೊಳಿಸಿ, ಅದನ್ನೇ ಪ್ರತಿಜನಕವಾಗಿ ಇಲಿಗೆ ಚುಚ್ಚಿ, ಮೇಲೆ ಹೇಳಿದ ಕಸಿಯ ಕೆಲಸವನ್ನು ಮೊದಲಿನಿಂದ ಮಾಡಬೇಕು. ಗ್ರೂಪರ್‌ಗೆ ಬೇರೆ, ಪಾಂಪನೊ ಮೀನಿಗೆ ಬೇರೆ. ಪರೀಕ್ಷಾ ಕಿಟ್‌ಗಳು ಬರುವುದು ಇಷ್ಟು ತಡವಾಗಲು ಇದು ಒಂದು ದೊಡ್ಡ ಕಾರಣ.

ಗೆರೆ ಮೂಡುವುದು ಹೇಗೆ

ಈಗ ಧಕ್ಕೆಯ ಹಿರಿಯರ ಕಡ್ಡಿಗೆ ಬರೋಣ. ಕೊರೊನಾ ಕಿಟ್‌ನ ಒಳಗೆ ಒಂದು ಕಾಗದದಂಥ ಪಟ್ಟಿ ಇತ್ತು. ಮಾದರಿಯ ಹನಿ ಬೀಳುವ ಕಡೆ ಚಿನ್ನದ ಅತಿ ಸೂಕ್ಷ್ಮ ಕಣಗಳನ್ನು ಹೊತ್ತ ಪ್ರತಿಕಾಯಗಳು ಒಣಗಿಕೊಂಡಿರುತ್ತವೆ. ಅಷ್ಟು ಚಿಕ್ಕದಾದಾಗ ಚಿನ್ನ ಹಳದಿಯಲ್ಲ, ಕೆಂಪು. ಮಾದರಿಯಲ್ಲಿ ವೈರಸ್ ಇದ್ದರೆ ಈ ಪ್ರತಿಕಾಯ ಅದನ್ನು ಹಿಡಿದುಕೊಂಡು ಪಟ್ಟಿಯುದ್ದಕ್ಕೂ ಹರಿಯುತ್ತದೆ. ಮಧ್ಯದಲ್ಲಿ ಗೆರೆಯಾಗಿ ಅಂಟಿಸಿದ ಎರಡನೆಯ ಪ್ರತಿಕಾಯ ಅದೇ ವೈರಸ್ಸನ್ನು ಇನ್ನೊಂದು ಕಡೆಯಿಂದ ಹಿಡಿದು ನಿಲ್ಲಿಸುತ್ತದೆ. ನಿಂತ ಚಿನ್ನವೆಲ್ಲ ಸೇರಿ ಕೆಂಪು ಗೆರೆಯಾಗುತ್ತದೆ. ಮುಂದಿನ ಇನ್ನೊಂದು ಗೆರೆ ಪಟ್ಟಿ ಸರಿಯಾಗಿ ಕೆಲಸ ಮಾಡಿದೆಯೇ ಎಂದು ಹೇಳಲು ಮಾತ್ರ. ಮೀನಿಗೂ ಇದೇ ತತ್ವ. ಮೂಗಿನ ದ್ರವದ ಬದಲು ಅರೆದ ಮರಿಯ ರಸ.

ಇದಕ್ಕೂ ಹಳೆಯದು ಎಲೈಸಾ. 1971ರಲ್ಲಿ ಸ್ವೀಡನ್‌ನಲ್ಲಿ ರೂಪುಗೊಂಡ ಈ ವಿಧಾನದಲ್ಲಿ ಚಿನ್ನದ ಬದಲು ಒಂದು ಕಿಣ್ವ ಇರುತ್ತದೆ. ವೈರಸ್ ಇದ್ದ ಕುಳಿಯ ದ್ರವ ಬಣ್ಣ ತಾಳುತ್ತದೆ. ಮೂರನೆಯದರಲ್ಲಿ ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಜೋಡಿಸುತ್ತಾರೆ. ಇದರ ಅತ್ಯುತ್ತಮ ಉದಾಹರಣೆ ಜಪಾನಿನಿಂದ ಬಂದಿದೆ. 1990ರಲ್ಲಿ ಅಲ್ಲಿನ ಶಿಕೊಕು ದ್ವೀಪದ ಸಾಕಣೆಯ ಕೆಂಪು ಸೀಬ್ರೀಮ್ ಮೀನುಗಳು ಇರಿಡೋವೈರಸ್ ಎಂಬ ಬೇರೊಂದು ವೈರಸ್‌ನಿಂದ ಸಾಯತೊಡಗಿದವು. ಜಪಾನಿನ ವಿಜ್ಞಾನಿಗಳು ಎಂ10 ಎಂಬ ಮಾನೋಕ್ಲೋನಲ್ ಪ್ರತಿಕಾಯವನ್ನು ತಯಾರಿಸಿದರು. ಸತ್ತ ಮೀನಿನ ಗುಲ್ಮವನ್ನು ಗಾಜಿನ ಮೇಲೆ ಒತ್ತಿ, ಒಣಗಿಸಿ, ಆ ಪ್ರತಿಕಾಯ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸೋಂಕಿನ ಕೋಶಗಳು ಹಸಿರಾಗಿ ಹೊಳೆಯುತ್ತವೆ. ಕೆಲವೇ ಗಂಟೆಗಳ ಕೆಲಸ. ಇದೇ ಇರಿಡೋವೈರಸ್ ಭಾರತದ ಸಾಕಣೆ ಸೀಬಾಸ್‌ನಲ್ಲೂ ಕಂಡುಬಂದಿರುವುದರಿಂದ ಆ ಹಳೆಯ ಕೆಲಸ ನಮಗೂ ಹತ್ತಿರದ್ದಾಗಿದೆ.

ಪಿಸಿಆರ್ ಇದ್ದರೂ ಇದು ಏಕೆ, ಮತ್ತು ಎಷ್ಟು ನಂಬಬಹುದು

ಪಿಸಿಆರ್ ವೈರಸ್‌ನ ಜೀನುಗಳನ್ನು ಕೋಟಿಗಟ್ಟಲೆ ಪ್ರತಿ ಮಾಡಿ ಹುಡುಕುತ್ತದೆ. ಸೂಕ್ಷ್ಮತೆಯಲ್ಲಿ ಪ್ರತಿಕಾಯದ ಪಟ್ಟಿ ಅದಕ್ಕೆ ಸಾಟಿಯಲ್ಲ, ಇದನ್ನು ಮುಚ್ಚಿಡಬಾರದು. ಆದರೆ ಪಿಸಿಆರ್‌ಗೆ ಯಂತ್ರ ಬೇಕು, ತರಬೇತಿ ಬೇಕು, ಮಾದರಿಯ ಆರ್‌ಎನ್‌ಎ ದಾರಿಯಲ್ಲಿ ಕೆಡದಂತೆ ಕಾಪಾಡಬೇಕು. ಹೊಳೆಯ ದಂಡೆಯಲ್ಲಿ ನಿಂತು ಈ ತೊಟ್ಟಿಯನ್ನು ಆ ತೊಟ್ಟಿಯಿಂದ ಬೇರ್ಪಡಿಸಬೇಕೇ ಎಂದು ಇಂದೇ ತೀರ್ಮಾನಿಸಬೇಕಾದವನಿಗೆ ಪಟ್ಟಿ ನೆರವಾಗುತ್ತದೆ. ಪಿಸಿಆರ್ ಅದನ್ನು ನಂತರ ದೃಢಪಡಿಸುತ್ತದೆ. ಇನ್ನೊಂದು ಉಪಯೋಗವೂ ಇದೆ: ಮಿದುಳಿನ ತೆಳು ಸೀಳಿನ ಮೇಲೆ ಪ್ರತಿಕಾಯ ಹಾಕಿದರೆ ವೈರಸ್ ಯಾವ ಕೋಶದಲ್ಲಿ ಕುಳಿತಿದೆ, ಅಲ್ಲಿಯೇ ಹಾನಿಯಾಗಿದೆಯೇ ಎಂಬುದು ಕಣ್ಣಿಗೆ ಕಾಣುತ್ತದೆ. ಸಾವಿಗೆ ಕಾರಣ ಇದೇ ವೈರಸ್ ಎಂದು ಹೇಳಲು ಅದು ಬೇಕು.

ರಕ್ತ ಪರೀಕ್ಷೆಯ ಮಿತಿಗಳು ಬೇರೆ. ಪ್ರತಿಕಾಯ ಸಿಕ್ಕಿದರೆ ಆ ಮೀನು ಎಂದೋ ವೈರಸ್ಸನ್ನು ಕಂಡಿದೆ ಎಂದಷ್ಟೇ ಅರ್ಥ. ಈಗಲೂ ಹೊತ್ತಿದೆಯೇ ಎಂಬುದು ಅದರಿಂದ ತಿಳಿಯದು. ಸಿಗದಿದ್ದರೆ ಸೋಂಕು ತೀರಾ ಹೊಸದಿರಬಹುದು. ಮೀನು ತಣ್ಣಗಿನ ರಕ್ತದ ಪ್ರಾಣಿಯಾದ್ದರಿಂದ ಅದು ಪ್ರತಿಕಾಯ ತಯಾರಿಸುವ ವೇಗವೂ ನೀರಿನ ಬಿಸಿಯನ್ನು ಅವಲಂಬಿಸುತ್ತದೆ. ಚೆನ್ನೈನ ಉಪ್ಪುನೀರು ಮೀನು ಕೃಷಿ ಸಂಸ್ಥೆ ಈ ರೋಗಕ್ಕೆ ಲಸಿಕೆಯನ್ನೂ ಅಭಿವೃದ್ಧಿಪಡಿಸಿದೆ. ಕವಚದ ಪ್ರೋಟೀನಿನಿಂದಲೇ ಮಾಡಿದ ಲಸಿಕೆ ಪಡೆದ ಮೀನಿನ ರಕ್ತದಲ್ಲೂ ಅದೇ ಪ್ರತಿಕಾಯ ಇರುವುದರಿಂದ, ಲಸಿಕೆಯ ದಾಖಲೆ ಇಲ್ಲದೆ ರಕ್ತದ ಫಲಿತಾಂಶವನ್ನು ಓದಿದರೆ ದಾರಿ ತಪ್ಪುತ್ತದೆ.

ಒಂದು ಲೆಕ್ಕವನ್ನು ಊಹಿಸಿ ನೋಡೋಣ. ಸಾವಿರ ಮೀನುಗಳಲ್ಲಿ 10ಕ್ಕೆ ಸೋಂಕು ಇದೆ. ಪರೀಕ್ಷೆ ಸೋಂಕಿನ ಹತ್ತರಲ್ಲಿ ಒಂಬತ್ತನ್ನು ಹಿಡಿಯುತ್ತದೆ, ಆರೋಗ್ಯವಂತ ಮೀನುಗಳಲ್ಲಿ ನೂರಕ್ಕೆ ಐದನ್ನು ತಪ್ಪಾಗಿ ಸೋಂಕು ಎನ್ನುತ್ತದೆ. ಆಗ ಸೋಂಕಿನ 9 ಮೀನುಗಳ ಜೊತೆ ಆರೋಗ್ಯದ ಸುಮಾರು 50 ಮೀನುಗಳೂ ಸೋಂಕಿನ ಲೆಕ್ಕಕ್ಕೆ ಸೇರುತ್ತವೆ. ಕೇಳಲು ಒಳ್ಳೆಯದೆನಿಸುವ ಪರೀಕ್ಷೆಯೂ ರೋಗ ಅಪರೂಪವಾಗಿರುವ ಕಡೆ ಹೀಗೆ ವರ್ತಿಸುತ್ತದೆ. ಅದಕ್ಕಾಗಿಯೇ ಹೊಸ ಪ್ರತಿಕಾಯ ಸಿಕ್ಕ ಕೂಡಲೇ ಕಿಟ್ ಮಾರುಕಟ್ಟೆಗೆ ಬರುವುದಿಲ್ಲ. ರೋಗವಿದ್ದ, ಇಲ್ಲದ, ಬೇರೆ ವೈರಸ್ ಇರುವ ಮೀನುಗಳ ಮೇಲೆಲ್ಲ ಅದನ್ನು ಒರೆಗೆ ಹಚ್ಚಬೇಕಾಗುತ್ತದೆ.

ನಮ್ಮ ಕರಾವಳಿಯ ಕೆಲಸ

ನಾವು ಸೇರುವ ಸಭಾಂಗಣದಿಂದ ಆಟೋದಲ್ಲಿ ಹೋಗುವಷ್ಟು ದೂರದಲ್ಲಿ, ವರ್ಸೋವಾದಲ್ಲಿ, ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆ ಇದೆ. 1961ರಲ್ಲಿ ಆರಂಭವಾಗಿ 1989ರಲ್ಲಿ ವಿಶ್ವವಿದ್ಯಾಲಯದ ಸ್ಥಾನ ಪಡೆದ ಅದರಲ್ಲಿ ಜಲಚರಗಳ ಆರೋಗ್ಯವೇ ಒಂದು ಪ್ರತ್ಯೇಕ ಅಧ್ಯಯನ ವಿಷಯ. ದೇಶದ ಪ್ರಯೋಗಾಲಯಗಳಿಗೆ ಪ್ರಾಣಿ ಜೀವಕೋಶಗಳನ್ನು ಒದಗಿಸುವ ಕೋಶಭಂಡಾರ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿದೆ. ಮೀನಿನ ಕೋಶಸಾಲುಗಳ ರಾಷ್ಟ್ರೀಯ ಭಂಡಾರ ಲಖನೌದಲ್ಲಿದೆ. 2013ರಿಂದ ನಡೆಯುತ್ತಿರುವ ಜಲಚರ ರೋಗಗಳ ರಾಷ್ಟ್ರೀಯ ಕಣ್ಗಾವಲಿನ ಸಮನ್ವಯವೂ ಅಲ್ಲಿಂದಲೇ.

ಕನ್ನಡಿಗರಾಗಿ ನಾವು ಹೆಮ್ಮೆಯಿಂದ ನೆನೆಯಬೇಕಾದದ್ದು 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜನ್ನು. ಸಿಗಡಿ ಕೃಷಿಯನ್ನು ನೆಲಕಚ್ಚಿಸಿದ ಬಿಳಿ ಚುಕ್ಕೆ ರೋಗದ ವೈರಸ್‌ಗೆ ಅಲ್ಲಿನ ಸಂಶೋಧಕರು ಮಾನೋಕ್ಲೋನಲ್ ಪ್ರತಿಕಾಯ ತಯಾರಿಸಿ, ಕೊಳದ ದಂಡೆಯಲ್ಲೇ ಚುಕ್ಕೆಯ ಬಣ್ಣ ನೋಡಿ ಹೇಳಬಹುದಾದ ಪರೀಕ್ಷೆಯನ್ನು ರೂಪಿಸಿದರು. ಸಿಗಡಿಗೆ ಸಾಧ್ಯವಾದದ್ದು ಸೀಬಾಸ್‌ಗೂ ಸಾಧ್ಯ ಎಂದು ನಾನು ನಂಬುವುದು ಆ ಕೆಲಸವನ್ನು ನೆನೆದು.

ಮರಿ ಕೊಳ್ಳುವ ಮುನ್ನ

ಭಾವನ ಪಂಜರ ಈಗ ಖಾಲಿ. ಬಲೆಗಳನ್ನು ತೊಳೆದು ಒಣಹಾಕಿದ್ದಾರೆ. ಅಕ್ಕಪಕ್ಕದವರಿಗೆ ಕಡ ಕೊಟ್ಟಿಲ್ಲ. ಸತ್ತ ಮರಿಗಳನ್ನು ಹೊಳೆಗೆ ಎಸೆಯದೆ ಸುಣ್ಣ ಹಾಕಿ ಹೂತಿದ್ದಾರೆ. ಹೊಸ ಮರಿ ಮಾರುವವರು ಈ ಬಾರಿ ಪರೀಕ್ಷಾ ವರದಿ ಕಳುಹಿಸಿದರು. ಅದನ್ನು ಓದಿ ಭಾವ ರಾತ್ರಿ ಫೋನು ಮಾಡಿದರು.

"ವೈರಸ್ ಇಲ್ಲ ಎಂದು ಬರೆದಿದ್ದಾರೆ. ಪೂಲ್ ಎಂದೂ ಬರೆದಿದ್ದಾರೆ. ಹಾಗೆಂದರೇನು?"

ಐದೋ ಹತ್ತೋ ಮರಿಗಳನ್ನು ಒಟ್ಟಿಗೆ ಅರೆದು ಒಂದೇ ಮಾದರಿ ಮಾಡುವುದಕ್ಕೆ ಹಾಗೆನ್ನುತ್ತಾರೆ ಎಂದೆ. ಖರ್ಚು ಉಳಿಯುತ್ತದೆ, ತಪ್ಪೇನಿಲ್ಲ. ಕೇಳಬೇಕಾದದ್ದು ಒಟ್ಟು ಎಷ್ಟು ಮರಿ ತೆಗೆದರು ಎಂಬುದನ್ನು. ಒಂದು ದೊಡ್ಡ ತೊಟ್ಟಿಯಲ್ಲಿ ನೂರಕ್ಕೆ ಐದು ಮರಿಗಳಿಗೆ ಸೋಂಕಿದ್ದರೆ, ನೂರಕ್ಕೆ 95ರಷ್ಟು ಭರವಸೆಯಿಂದ ಒಂದನ್ನಾದರೂ ಹಿಡಿಯಲು ಸುಮಾರು 60 ಮರಿ ಬೇಕು. ನೂರಕ್ಕೆ ಎರಡಕ್ಕೆ ಮಾತ್ರ ಸೋಂಕಿದ್ದರೆ ಸುಮಾರು 150 ಬೇಕು. ಅದೂ ಪರೀಕ್ಷೆ ಒಂದನ್ನೂ ತಪ್ಪಿಸುವುದಿಲ್ಲ ಎಂದಿಟ್ಟುಕೊಂಡರೆ.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಾಗದ ಮಗುಚುವ ಸದ್ದು ಕೇಳಿಸಿತು.

"ಇಲ್ಲಿ ಎರಡೇ ಪೂಲ್ ಇವೆ. ಐದೈದು ಮರಿ. ನಾಳೆ ಬೆಳಿಗ್ಗೆ ಅವರಿಗೆ ಫೋನು ಮಾಡುತ್ತೇನೆ. ತಾಯಿಮೀನಿನ ರಕ್ತ ನೋಡಿದ್ದಾರೆಯೇ ಎಂದೂ ಕೇಳುತ್ತೇನೆ."